ನಾಚಿಕೆಯ ನರ, ಸೈಕಲ್ಲಿನ ಸೀಟು

ಲೋನಾವಳಾದಿಂದ ಪುಣೆಗೆ ವಾಪಸ್ಸು ಬರುವಾಗ, ತಳೇಗಾಂವ್ ದಾಟಿದ ಮೇಲೆ ಒಂದು ಚಹಾದಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಇಳಿದೆ. ಕಾಲು ನೆಲ ಮುಟ್ಟಿದ್ದು ಗೊತ್ತಾಯಿತು. ಆದರೆ ಎರಡು ತೊಡೆಗಳ ನಡುವೆ ನನ್ನದು ಅನ್ನುವಂಥದ್ದು ಏನೂ ಇರಲಿಲ್ಲ. ನೋವಿಲ್ಲ, ಉರಿಯಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಹೇಗಿರುತ್ತದೋ ಹಾಗೆ. ಹಿಂದೆಯೂ ಎರಡು ಸಲ ಹೀಗಾಗಿತ್ತು, ಹತ್ತು ನಿಮಿಷ ಓಡಾಡಿದರೆ ಸರಿಹೋಗುತ್ತಿತ್ತು. ಈ ಸಲ ಮೂರನೆಯ ದಿನ ಬೆಳಿಗ್ಗೆಯೂ ಹೋಗಲಿಲ್ಲ.

ಹೆದರಿ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಎಂಟು ವರ್ಷದಿಂದ ಪುಣೆಯಲ್ಲಿದ್ದೇನೆ, ಮರಾಠಿ ಬರುತ್ತದೆ. "ಮುಂಗ್ಯಾ ಯೇತಾತ್ ಕಾ?" ಎಂದರು ಡಾಕ್ಟರು. ಇರುವೆ ಬರುತ್ತವೆಯೇ, ಅಂದರೆ ಜುಮುಜುಮು ಅನ್ನುತ್ತದೆಯೇ ಎಂದು. ಇಲ್ಲ, ಬಧೀರ್ ಆಗಿದೆ ಎಂದೆ. ನಮ್ಮಲ್ಲಿ ಕಿವುಡನಾದ ಬಧಿರ ಮರಾಠಿಗೆ ಬಂದು ಸ್ಪರ್ಶ ಕಳೆದುಕೊಂಡವನೂ ಆಗಿದ್ದಾನೆ. ಎಲ್ಲಿ ಎಂದು ಕೇಳಿದರು. ಕೈಯನ್ನು ಸೊಂಟದ ಸುತ್ತ ಎಲ್ಲೆಲ್ಲೋ ಆಡಿಸಿ "ಇಕಡೇ" ಎಂದೆ. ಅವರು ಬೆನ್ನುಮೂಳೆ ಒತ್ತಿ ನೋಡಿ, ಕಾಲು ಎತ್ತಿಸಿ ಇಳಿಸಿ, ಬೆನ್ನಿಗೆ ಮುಲಾಮು ಬರೆದುಕೊಟ್ಟರು. ಅವರ ತಪ್ಪೇನಿಲ್ಲ. ಭಾಷಾಶಾಸ್ತ್ರದಲ್ಲಿ ಎಂಎ ಮಾಡಿ, ಅನುವಾದದಿಂದಲೇ ಹೊಟ್ಟೆ ಹೊರೆಯುವ ನನಗೆ ನಾಲ್ಕು ಭಾಷೆಯಲ್ಲಿ ಒಂದರಲ್ಲೂ ಆ ಜಾಗದ ಹೆಸರು ಬಾಯಿಗೆ ಬರಲಿಲ್ಲ.

ಐದನೆಯ ದಿನ ಅದು ತಾನಾಗಿಯೇ ಹೋಯಿತು. ಆಮೇಲೆ ನಾನು ಮಾಡಿದ್ದು ನನ್ನ ಕಸುಬಿನವರು ಮಾಡುವ ಕೆಲಸ, ಪದ ಹುಡುಕುವುದು. ಜೋಮು ನಮ್ಮಲ್ಲಿ 'ಹಿಡಿಯುತ್ತದೆ'. ಇಂಗ್ಲಿಷಿನ ನಮ್ ಎಂಬ ಪದವೂ ಮೂಲದಲ್ಲಿ 'ಹಿಡಿಯಲ್ಪಟ್ಟದ್ದು' ಎಂದೇ. ತೆಗೆದುಕೊಳ್ಳು ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದ ನಿಮನ್‌ನಿಂದ ಬಂದದ್ದು. ಹಿಂದಿಯ ಸುನ್ನ್ ಶೂನ್ಯದಿಂದ ಹುಟ್ಟಿದ್ದು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಆದರೆ ಜೋಮು ಹಿಡಿದದ್ದು ಯಾವ ನರಕ್ಕೆ ಎಂದು ನೋಡಲು ಹೋದಾಗ ಸಿಕ್ಕ ಹೆಸರು ಪುಡೆಂಡಲ್ ನರ್ವ್. ಲ್ಯಾಟಿನ್ನಿನಲ್ಲಿ ಪುಡೇರೆ ಎಂದರೆ ನಾಚು. ಪುಡೆಂಡಮ್ ಎಂದರೆ ಯಾವುದಕ್ಕೆ ನಾಚಬೇಕೋ ಅದು. ಅಂದರೆ ಈ ನರದ ಅಧಿಕೃತ ಹೆಸರೇ ನಾಚಿಕೆಯ ನರ. ಕೆಲವು ವರ್ಷಗಳ ಹಿಂದೆ ಒಂದು ಆರೋಗ್ಯ ಕರಪತ್ರದ ಅನುವಾದದಲ್ಲಿ ಇದೇ ಪದವನ್ನು ನಾನು 'ಗುಹ್ಯ ನರ' ಎಂದು ಮಾಡಿ, ದುಡ್ಡು ಇಸಿದುಕೊಂಡು, ಮರೆತಿದ್ದೆ. ಗುಹ್ಯ ಎಂದರೆ ಬಚ್ಚಿಡಬೇಕಾದದ್ದು. ಲ್ಯಾಟಿನ್ನು ನಾಚಿಕೊಂಡಿತು, ಸಂಸ್ಕೃತ ಬಚ್ಚಿಟ್ಟಿತು.

ಈ ನರ ಸೊಂಟದ ಹಿಂಭಾಗದಿಂದ ಹೊರಟು, ಕೂರುವ ಮೂಳೆಯ ಒಳಮಗ್ಗುಲಿಗೆ ಅಂಟಿಕೊಂಡಂತಿರುವ ಒಂದು ಕಿರಿದಾದ ಕೊಳವೆಯ ಮೂಲಕ ಮುಂದಕ್ಕೆ ಬರುತ್ತದೆ. ಆ ಕೊಳವೆಯನ್ನು 1836ರಲ್ಲಿ ಮೊದಲು ವಿವರಿಸಿದವನು ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್. ಕಾರ್ಕ್ ಊರಿನ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಅವನು ಜಗಳವಾಗಿ ಕೆಲಸ ಬಿಟ್ಟು 1855ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿಂದ ಮುಂದೆ ಅವನ ಸುದ್ದಿಯೇ ಇಲ್ಲ. ಇಂದಿಗೂ ಅದು ಆಲ್ಕಾಕ್ ಕೊಳವೆ. ನರದ ಜೊತೆಗೆ ರಕ್ತನಾಳಗಳೂ ಅದರಲ್ಲೇ ಹೋಗುತ್ತವೆ. ಕುರ್ಚಿಯ ಮೇಲೆ ನೆಟ್ಟಗೆ ಕೂತರೆ ಮೈಭಾರವನ್ನು ಹೊರುವುದು ಕುಂಡೆಯ ಅಡಿಯ ಎರಡು ಗಂಟುಮೂಳೆಗಳು. ನರ, ನಾಳ ಎರಡಕ್ಕೂ ತೊಂದರೆಯಿಲ್ಲ. ಭಾರ ಮೂಳೆಯಿಂದ ಜಾರಿ ಅವುಗಳ ನಡುವಿನ ಮೆತ್ತನೆಯ ಜಾಗಕ್ಕೆ ಬಿತ್ತೋ, ಜೋಮು ಹಿಡಿಯಿತು. ಸೈಕಲ್ ಸೀಟಿನ ಇನ್ನೂರು ವರ್ಷದ ಕಥೆಯೆಲ್ಲ ಇಷ್ಟೇ: ಭಾರ ಮೂಳೆಯ ಮೇಲೆ ಬಿತ್ತೋ, ಮಾಂಸದ ಮೇಲೆ ಬಿತ್ತೋ.

ಕುದುರೆಯ ಕಾಲದಲ್ಲೇ ಈ ಅನುಮಾನ ಶುರುವಾಗಿತ್ತು. ಹಿಪಾಕ್ರಟಿಸ್‌ನ ಹೆಸರಿನಲ್ಲಿರುವ 'ಗಾಳಿ, ನೀರು, ಸ್ಥಳಗಳು' ಎಂಬ ಗ್ರೀಕ್ ಗ್ರಂಥದಲ್ಲಿ ಸಿಥಿಯನ್ ಜನರ ಮಾತು ಬರುತ್ತದೆ. ಅವರ ಗಂಡಸರಲ್ಲಿ ಪುರುಷತ್ವ ಕುಂದುವುದಕ್ಕೆ ದೇವರ ಶಾಪವಲ್ಲ, ಸದಾ ಕುದುರೆಯ ಮೇಲಿರುವುದೇ ಕಾರಣ ಎನ್ನುತ್ತಾನೆ ಗ್ರಂಥಕರ್ತ. ಇದು ಸಿರಿವಂತರಿಗೇ ಹೆಚ್ಚು, ಬಡವರಿಗೆ ಕಡಿಮೆ, ಯಾಕೆಂದರೆ ಬಡವರಿಗೆ ಸವಾರಿಗೆ ಕುದುರೆಯಿಲ್ಲ ಎಂದೂ ಸೇರಿಸುತ್ತಾನೆ.

1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್ ಊರಿನಿಂದ ಕಾರ್ಲ್ ಫಾನ್ ಡ್ರೈಸ್ ತನ್ನ ಎರಡು ಚಕ್ರದ ಮರದ ಯಂತ್ರವನ್ನೇರಿ ಹೊರಟ. ಪೆಡಲ್ ಇರಲಿಲ್ಲ. ಮೆತ್ತೆಯ ಮೇಲೆ ಕೂತು, ಮುಂದಿನ ಹಲಗೆಗೆ ಮುಂಗೈ ಊರಿ, ಕಾಲಿನಿಂದ ನೆಲ ಒದೆಯುತ್ತ ಓಡುವ ಬಂಡಿ ಅದು. ಮೈಭಾರದಲ್ಲಿ ಒಂದು ಪಾಲನ್ನು ಕಾಲು ಮತ್ತು ಕೈ ಹೊರುತ್ತಿದ್ದವು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು, ಕಾಲು ನೆಲ ಬಿಟ್ಟಿತು. ಕಬ್ಬಿಣದ ಪಟ್ಟಿಯ ಚಕ್ರ, ಕಲ್ಲು ಹಾಸಿದ ಬೀದಿ. ಇಂಗ್ಲಿಷರು ಆ ಗಾಡಿಗೆ ಇಟ್ಟ ಅಡ್ಡಹೆಸರಿನ ಅರ್ಥ ಮೂಳೆ ಅಲ್ಲಾಡಿಸುವುದು. ಹೊಡೆತವೆಲ್ಲ ಸೀಟಿಗೆ.

ಆ ಸೀಟು ಮಾಡಿದವರು ಯಾರು? ಕುದುರೆಯ ಜೀನು ಹೊಲಿಯುತ್ತಿದ್ದವರು. ಇಂಗ್ಲಿಷಿನಲ್ಲಿ ಕುದುರೆಗೂ ಸೈಕಲ್ಲಿಗೂ ಸ್ಯಾಡಲ್ ಎಂಬ ಒಂದೇ ಪದ ನಿಂತದ್ದು ಹೀಗೆ. ಪದದ ಜೊತೆ ಆಕಾರವೂ ಬಂತು: ನಡುವೆ ಉಬ್ಬು, ಮುಂದಕ್ಕೆ ಚಾಚಿದ ಮೂತಿ. ಕುದುರೆಯ ಮೇಲಾದರೆ ತೊಡೆಗಳು ಪ್ರಾಣಿಯ ಅಗಲವಾದ ಮೈಯನ್ನು ಅಪ್ಪಿ ಹಿಡಿದಿರುತ್ತವೆ, ಭಾರ ಹಂಚಿಹೋಗುತ್ತದೆ. ಸೈಕಲ್ಲಿನಲ್ಲಿ ತೊಡೆಗೆ ಅಪ್ಪಲು ಏನೂ ಇಲ್ಲ. ಕನ್ನಡದಲ್ಲಿ ಹಳೆಯ ಹಲ್ಲಣವಿತ್ತು, ಪಾರ್ಸಿಯಿಂದ ಬಂದ ಜೀನು ಇತ್ತು. ಆದರೂ ಸೈಕಲ್ ಬಂದಾಗ ಯಾರೂ ಅದಕ್ಕೆ ಜೀನು ಎನ್ನಲಿಲ್ಲ, ಸೀಟು ಎಂದರು. ಕೂರುವ ಜಾಗ, ಅಷ್ಟೆ. ನಮ್ಮ ಜನ ಅದರ ಮೇಲೆ ಸವಾರಿ ಮಾಡಲಿಲ್ಲ, ಕೂತರು. ಈ ವ್ಯತ್ಯಾಸಕ್ಕೆ ಮತ್ತೆ ಬರುತ್ತೇನೆ.

ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಕುದುರೆ ಸಾಮಾನಿನ ಚರ್ಮದ ಉದ್ಯೋಗ ಶುರು ಮಾಡಿದ ಜಾನ್ ಬೌಲ್ಟ್‌ಬೀ ಬ್ರೂಕ್ಸ್‌ನ ಕಥೆಯನ್ನು ಆ ಕಂಪನಿಯವರೇ ಹೆಮ್ಮೆಯಿಂದ ಹೇಳುತ್ತಾರೆ. 1878ರಲ್ಲಿ ಅವನ ಕುದುರೆ ಸತ್ತಿತು. ಇನ್ನೊಂದು ಕೊಳ್ಳುವಷ್ಟು ಹಣವಿಲ್ಲದೆ ಒಂದು ಸೈಕಲ್ ಎರವಲು ತಂದ. ಅದರ ಸೀಟು ಎಷ್ಟು ಕಾಡಿತೆಂದರೆ ಇದಕ್ಕೊಂದು ದಾರಿ ಮಾಡಿಯೇ ತೀರುತ್ತೇನೆಂದು ಹೊರಟ. 1882ರಲ್ಲಿ ಅವನ ಸೀಟಿಗೆ ಪೇಟೆಂಟು ಅರ್ಜಿ ಬಿತ್ತು. ಕುದುರೆಯ ಕಥೆ ಸ್ವಲ್ಪ ಒಪ್ಪ ಹಾಕಿದ್ದಿರಬಹುದು, ಸೀಟಿನ ಉಪಾಯ ಮಾತ್ರ ಗಟ್ಟಿ. ದಪ್ಪ ಚರ್ಮವನ್ನು ಹಿಂದಿನ ಕಬ್ಬಿಣದ ಬಿಲ್ಲಿಗೂ ಮುಂದಿನ ಮೂತಿಗೂ ರಿವೆಟ್ಟು ಹೊಡೆದು ಬಿಗಿದು ಕಟ್ಟುವುದು. ಅಡಿಯಲ್ಲಿ ಹಲಗೆಯಿಲ್ಲ, ಒಳಗೆ ಹತ್ತಿಯಿಲ್ಲ. ಹೊಸತರಲ್ಲಿ ಮರದ ಹಾಗೆ ಗಟ್ಟಿ. ಒಂದಷ್ಟು ನೂರು ಕಿಲೋಮೀಟರು ತುಳಿದ ಮೇಲೆ ಕೂರುವ ಮೂಳೆಗಳು ತಾಗುವಲ್ಲಿ ಎರಡು ಗುಳಿ ಬೀಳುತ್ತವೆ, ಹಳೆಯ ಚಪ್ಪಲಿಯಲ್ಲಿ ಹೆಬ್ಬೆರಳಿನ ಗುಳಿ ಬಿದ್ದಂತೆ. ಚರ್ಮ ಸಡಿಲವಾದರೆ ಮೂತಿಯ ಕೆಳಗಿನ ಬೋಲ್ಟು ತಿರುಗಿಸಿ ಬಿಗಿ ಮಾಡಬೇಕು. ಬೇರೆಯವರ ಸೀಟು ನಿಮಗೆ ಹೊಂದುವುದಿಲ್ಲ, ನಿಮ್ಮದು ಅವರಿಗೆ ಹೊಂದುವುದಿಲ್ಲ.

1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಬಂತು: ಹತ್ತಿರಹತ್ತಿರ ಸಮನಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್‌ನ ಗಾಳಿ ಟೈರು. ಹೆಂಗಸರೂ ಏರಬಹುದಾದ ಸೈಕಲ್ ಅದು, ಏರಿದರು ಕೂಡ. ಆ ಹತ್ತು ವರ್ಷಗಳಲ್ಲಿ ಸೀಟಿನ ಬಗ್ಗೆ ಜಗತ್ತು ಎಷ್ಟು ಯೋಚಿಸಿತೆಂದರೆ ಇವತ್ತು ಅಂಗಡಿಯಲ್ಲಿ ಹೊಸ ತಂತ್ರಜ್ಞಾನವೆಂದು ಮಾರುವುದರಲ್ಲಿ ಬಹುಪಾಲು ಆಗಲೇ ಇತ್ತು. ಅಮೆರಿಕದ ಸ್ಪಾಲ್ಡಿಂಗ್ ಕಂಪನಿ ಮಾರುತ್ತಿದ್ದ ಕ್ರಿಸ್ಟಿ ಎಂಬ ಸೀಟು ಅದರಲ್ಲೊಂದು. ಲೋಹದ ಚೌಕಟ್ಟು, ಎರಡು ಮೂಳೆಗೆ ಎರಡು ಪ್ರತ್ಯೇಕ ಮೆತ್ತೆ, ನಡುವೆ ಖಾಲಿ ಜಾಗ. ಅದರ ಜಾಹೀರಾತಿನಲ್ಲಿ ಪಕ್ಕಪಕ್ಕದಲ್ಲಿ ಎರಡು ಚಿತ್ರ: ಮಾಮೂಲಿ ಸೀಟಿನ ಮೇಲೆ ಸೊಂಟದ ಮೂಳೆ ಹೇಗೆ ಕೂರುತ್ತದೆ, ಕ್ರಿಸ್ಟಿಯ ಮೇಲೆ ಹೇಗೆ ಕೂರುತ್ತದೆ. ಎಲುಬುಗೂಡು ತೋರಿಸಿ ಸೈಕಲ್ ಸಾಮಾನು ಮಾರಿದ ಆ ಧೈರ್ಯ ನನಗೆ ಹಿಡಿಸಿತು.

ಇಂಗ್ಲೆಂಡಿನ ಡರ್ಸ್ಲಿ ಊರಿನಲ್ಲಿ ನೆಲೆಸಿದ ಡೆನ್ಮಾರ್ಕಿನ ಮಿಕೇಲ್ ಪೆಡರ್ಸನ್ ಇನ್ನೂ ಮುಂದೆ ಹೋದ. ಹುರಿಯನ್ನು ನೇಯ್ದು ತೂಗುಹಾಸಿಗೆಯಂಥ ಸೀಟು ಮಾಡಿದ. ಅದನ್ನು ತೂಗುಹಾಕಲು ಆಗಿನ ಯಾವ ಸೈಕಲ್ಲೂ ಸರಿಬರಲಿಲ್ಲ. ಸೀಟು ಬಿಡಲಿಲ್ಲ, ಸೈಕಲ್ಲನ್ನೇ ಹೊಸದಾಗಿ ಕಟ್ಟಿ 1893ರಲ್ಲಿ ಪೇಟೆಂಟ್ ತೆಗೆದುಕೊಂಡ. ತೆಳ್ಳನೆಯ ಕೊಳವೆಗಳ ತ್ರಿಕೋನಗಳಿಂದ ಸೇತುವೆಯಂತೆ ಕಾಣುವ ಆ ಸೈಕಲ್ಲನ್ನು ಈಗಲೂ ಕೆಲವರು ಆಸೆಪಟ್ಟು ಮಾಡಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ತಿಳಿದಿದ್ದ ಮೇಲೆ ನೂರು ವರ್ಷ ಕಳೆದು ತಳೇಗಾಂವದ ಚಹಾದಂಗಡಿಯ ಮುಂದೆ ನನಗೆ ಹಾಗೇಕಾಗಬೇಕು?

ಒಂದು ಕಾರಣ ರೇಸು. ಗಾಳಿಯನ್ನು ಸೀಳಿಕೊಂಡು ಹೋಗಲು ಹ್ಯಾಂಡಲ್ ಕೆಳಗಿಳಿಯಿತು, ಬೆನ್ನು ಬಾಗಿತು, ಸೊಂಟ ಮುಂದಕ್ಕೆ ವಾಲಿತು. ಭಾರ ಹಿಂದಿನ ಮೂಳೆಗಳಿಂದ ಜಾರಿ ಮೂತಿಯ ಮೇಲೆ ಬಿತ್ತು. 1890ರ ದಶಕದ ವೈದ್ಯರಿಗೆ ಇದು ಕಂಡಿತು, ಆದರೆ ಅವರು ನೋಡಿದ್ದು ಬೆನ್ನನ್ನು. ಬಾಗಿದ ಬೆನ್ನಿಗೆ ಕೈಫೋಸಿಸ್ ಬೈಸಿಕ್ಲಿಸ್ಟಾರಮ್ ಎಂದು ಭರ್ಜರಿ ಲ್ಯಾಟಿನ್ ಹೆಸರಿಟ್ಟರು. ನನ್ನ ಡಾಕ್ಟರೂ ನೋಡಿದ್ದು ಬೆನ್ನನ್ನೇ.

ಇನ್ನೊಂದು ಕಾರಣ ಹೆಚ್ಚು ತೊಡಕಿನದು. ಹೆಂಗಸರ ವಿಷಯದಲ್ಲಿ ವೈದ್ಯರು ಸೀಟನ್ನು ನೋಡಿದರು, ಆದರೆ ಬೇರೆಯೇ ಭಯದಿಂದ. ಬ್ರೂಕ್ಲಿನ್ನಿನ ಸ್ತ್ರೀರೋಗ ತಜ್ಞ ರಾಬರ್ಟ್ ಡಿಕಿನ್‌ಸನ್ 1895ರಲ್ಲಿ ಹೆಂಗಸರ ಸೈಕಲ್ ಸವಾರಿಯ ಬಗ್ಗೆ ಬರೆದ. ಅವನು ವಿರೋಧಿಯಲ್ಲ, ಸೈಕಲ್ಲು ಹೆಂಗಸರ ಆರೋಗ್ಯಕ್ಕೆ ಒಳ್ಳೆಯದೆಂದೇ ಅವನ ನಿಲುವು. ಆದರೆ ಸೀಟಿನ ಮೂತಿ ಮೇಲೆದ್ದರೆ, ಸವಾರಳು ಮುಂದಕ್ಕೆ ಬಾಗಿದರೆ, ಆ ಒತ್ತಡದಿಂದ ಅವಳಿಗೆ ಸುಖ ಸಿಗಬಹುದು ಎಂಬ ಚಿಂತೆ ಅವನನ್ನು ಕಾಡಿತ್ತು. ಅವನೊಬ್ಬನನ್ನೇ ಅಲ್ಲ. ಮೂತಿ ಮೊಟಕಾದ, ನಡುವೆ ಬಿರುಕಿರುವ ಸೀಟುಗಳನ್ನು ಹೆಂಗಸರಿಗೆಂದು ಮಾರಿದ್ದರ ಹಿಂದೆ ಈ ಗುಮಾನಿಯೂ ಇತ್ತು. ಸರಿಯಾದ ಸೀಟು, ತಪ್ಪು ಕಾರಣ. ಒತ್ತಡದಿಂದ ಸ್ಪರ್ಶ ಹೆಚ್ಚಾದೀತೆಂದು ಅವರು ಹೆದರಿದರು. ಇಲ್ಲವಾದೀತು ಎಂಬುದನ್ನು ಯಾರೂ ಆ ಹೆಂಗಸರನ್ನು ಕೇಳಿದಂತೆ ಕಾಣುವುದಿಲ್ಲ. ಸೈಕಲ್ಲಿನ ಹುಚ್ಚು ಇಳಿದು ಮೋಟಾರು ಕಾರು ಬಂದಾಗ ಆ ಸೀಟುಗಳೂ ಮರೆಯಾದವು. ಉಳಿದದ್ದು ರೇಸಿನವರ ಕಿರಿದಾದ ಉದ್ದ ಮೂತಿ. ಇವತ್ತಿಗೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ ಸೀಟು ಕನಿಷ್ಠ 24, ಗರಿಷ್ಠ 30 ಸೆಂಟಿಮೀಟರ್ ಉದ್ದವಿರಬೇಕು.

ನಮ್ಮ ದೇಶದ ಕಥೆ ಬೇರೆ ದಾರಿ ಹಿಡಿಯಿತು. 1949ರಲ್ಲಿ ಮದ್ರಾಸಿನ ಟಿಐ, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ, ಇವರೆಲ್ಲ ಮಾಡಿದ್ದು ಇಂಗ್ಲಿಷರ ಹಳೆಯ ಕಪ್ಪು ರೋಡ್‌ಸ್ಟರನ್ನು. ಧಾರವಾಡದಲ್ಲಿ ನಮ್ಮಪ್ಪ ಓಡಿಸುತ್ತಿದ್ದ ಹರ್ಕ್ಯುಲಿಸ್ ನನಗೆ ಕಣ್ಣಿಗೆ ಕಟ್ಟಿದಂತಿದೆ. ಎರಡು ದಪ್ಪ ಸುರುಳಿ ಸ್ಪ್ರಿಂಗಿನ ಮೇಲೆ ಅಗಲವಾದ ಸೀಟು, ಅದಕ್ಕೆ ಅವ್ವ ಹೊಲಿದ ಹಳೆಯ ಕೌದಿ ತುಂಡಿನ ಕವರು. ಹ್ಯಾಂಡಲ್ ಸೀಟಿಗಿಂತ ಎತ್ತರ. ಬೆನ್ನು ನೆಟ್ಟಗೆ, ಭಾರ ಪೂರ್ತಿ ಮೂಳೆಯ ಮೇಲೆ. ಸಪ್ತಾಪುರದ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದೂ ಇತ್ತು, ಅದರಿಂದ ರಕ್ತ ಸರಿಯಾಗಿ ಹರಿಯುತ್ತಿತ್ತೆಂದು ಈಗ ಅನಿಸುತ್ತದೆ. ಜೋಮು ಅಪ್ಪನಿಗೆ ಹಿಡಿದದ್ದಿದ್ದರೆ ಊಟದೆಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಾಗ, ಕಾಲಿಗೆ. ನಾನು ಪುಣೆಯಲ್ಲಿ ಕೊಂಡದ್ದು ಹಗುರವಾದ, ತಗ್ಗು ಹ್ಯಾಂಡಲಿನ ಸೈಕಲ್. ಜೋಮಿನ ವಿಷಯ ಸುತ್ತಿಬಳಸಿ ಹೇಳಿದಾಗ ಅಂಗಡಿಯವನು ಒಂದು ಜೆಲ್ ಕವರು ಕೊಟ್ಟ. ಹೆಬ್ಬೆರಳು ಒತ್ತಿದರೆ ಹಲ್ವದ ಹಾಗೆ ಒಳಗೆ ಹೋಗುತ್ತಿತ್ತು. ಲೋನಾವಳಾಕ್ಕೆ ಹೋದದ್ದು ಅದನ್ನು ಹಾಕಿಕೊಂಡೇ.

ಮೆತ್ತಗಿದ್ದರೆ ಸುಖ ಎಂಬ ನಂಬಿಕೆಗೆ ಒಳ್ಳೆಯ ಪೆಟ್ಟು ಕೊಟ್ಟದ್ದು 2002ರಲ್ಲಿ ಪ್ರಕಟವಾದ ಕಲೋನ್ ನಗರದ ವೈದ್ಯರ ಅಳತೆ. ಬೇರೆಬೇರೆ ಸೀಟಿನ ಮೇಲೆ ಗಂಡಸರನ್ನು ಕೂರಿಸಿ ಶಿಶ್ನದಲ್ಲಿ ಆಮ್ಲಜನಕದ ಒತ್ತಡ ಎಷ್ಟು ಕುಸಿಯುತ್ತದೆಂದು ನೋಡಿದರು. ದಪ್ಪ ಮೆತ್ತೆಯ ಕಿರಿದಾದ ಸೀಟಿನಲ್ಲಿ ಶೇ. 82ರಷ್ಟು ಕುಸಿಯಿತು. ಮೂತಿಯಿಲ್ಲದ ಅಗಲ ಸೀಟಿನಲ್ಲಿ ಶೇ. 20. ಮುಖ್ಯವಾದದ್ದು ಅಗಲ, ಮೆತ್ತೆಯಲ್ಲ ಎಂದು ಅವರು ಬರೆದರು. ಯೋಚಿಸಿದರೆ ಸರಳ: ಮೆತ್ತೆಯಲ್ಲಿ ಮೂಳೆ ಹುದುಗಿದಷ್ಟೂ ನಡುವಿನ ಭಾಗ ಮೇಲೆದ್ದು, ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ.

ಇಂಥ ಅಳತೆ ನಡೆಯುವುದಕ್ಕೇ ಮೊದಲು ಯಾರಾದರೂ ಬಾಯಿ ಬಿಡಬೇಕಿತ್ತು. 1997ರಲ್ಲಿ ಎರಡು ಕಡೆ ಬಾಯಿ ತೆರೆಯಿತು. ನಾರ್ವೆಯಲ್ಲಿ ಟ್ರಾಂಡ್‌ಹೈಮ್‌ನಿಂದ ಓಸ್ಲೋಗೆ 540 ಕಿಲೋಮೀಟರಿನ ಸವಾರಿ ಮುಗಿಸಿದವರನ್ನು ಇಬ್ಬರು ವೈದ್ಯರು ಕೇಳಿದ ಪ್ರಶ್ನೆಗಳ ಫಲ ಆ ವರ್ಷ ಅಚ್ಚಾಯಿತು. ಉತ್ತರಿಸಿದ 160 ಗಂಡಸರಲ್ಲಿ 35 ಮಂದಿಗೆ ಈ ನರಗಳ ತೊಂದರೆ ಕಾಣಿಸಿಕೊಂಡಿತ್ತು. 21 ಮಂದಿಗೆ ನಿಮಿರು ದೌರ್ಬಲ್ಯ, ಮೂವರಿಗೆ ಅದು ತಿಂಗಳು ಮೀರಿ ಉಳಿದಿತ್ತು. ಅದೇ ವರ್ಷ ಅಮೆರಿಕದಲ್ಲಿ ಬಾಸ್ಟನ್ನಿನ ಮೂತ್ರಾಂಗ ತಜ್ಞ ಅರ್ವಿನ್ ಗೋಲ್ಡ್‌ಸ್ಟೈನ್ ಸೈಕ್ಲಿಂಗ್ ಪತ್ರಿಕೆಯೊಂದರ ಮೂಲಕ ದೊಡ್ಡ ಗದ್ದಲ ಎಬ್ಬಿಸಿದ. ಸೈಕಲ್ ಹೊಡೆಯುವ ಗಂಡಸರೆಲ್ಲ ಇವತ್ತಲ್ಲ ನಾಳೆ ಷಂಡರಾಗುವವರೇ ಎಂಬ ಧಾಟಿಯ ಅವನ ಮಾತು ಉತ್ಪ್ರೇಕ್ಷೆಯೇ. ಆದರೆ ಆ ಉತ್ಪ್ರೇಕ್ಷೆಯಿಂದಲೇ ಕಂಪನಿಗಳು ಎಚ್ಚೆತ್ತವು. ರೋಜರ್ ಮಿಂಕೋ ಎಂಬ ವೈದ್ಯನ ವಿನ್ಯಾಸದ, ನಡುವೆ ಸೀಳಿರುವ ಸೀಟು ಸ್ಪೆಷಲೈಸ್ಡ್ ಕಂಪನಿಯಿಂದ ಬಂತು. ಜಾರ್ಜಿನಾ ಟೆರ್ರಿ ಎಂಬ ಇಂಜಿನಿಯರು ಹೆಂಗಸರಿಗೆಂದು ನಡುವೆ ತೂತಿರುವ ಸೀಟನ್ನು ಅದಕ್ಕೂ ಮೊದಲೇ ಮಾರುತ್ತಿದ್ದಳು. ಅದು ಸುದ್ದಿಯಾಗಿರಲಿಲ್ಲ.

ನನಗೆ ಅತ್ಯಂತ ಇಷ್ಟವಾದದ್ದು ಪೊಲೀಸರ ಅಧ್ಯಾಯ. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿದ್ದಾರೆ. ಅವರಿಗೆ ಇದು ಭಾನುವಾರದ ಹವ್ಯಾಸವಲ್ಲ, ದಿನಕ್ಕೆ ಎಷ್ಟೋ ಗಂಟೆಯ ಕೆಲಸ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಗಸ್ತಿನವರನ್ನು ಪರೀಕ್ಷಿಸಿದ್ದು ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಯಾಶ್. ಗಣಿಯ ದೂಳು, ಕಾರ್ಖಾನೆಯ ಸದ್ದು ಅಳೆಯುವ ಅದೇ ಸಂಸ್ಥೆ. ಸ್ಟೀವನ್ ಶ್ರೇಡರ್ ಮತ್ತು ಸಂಗಡಿಗರು ಮುಂದೆ ಐದು ಪ್ರದೇಶಗಳ ಪೊಲೀಸರಿಗೆ ಮೂತಿಯಿಲ್ಲದ ಸೀಟು ಕೊಟ್ಟು ಆರು ತಿಂಗಳು ಬಿಟ್ಟು ನೋಡಿದರು. ಹಿಂದಿನ ಆರು ತಿಂಗಳಲ್ಲಿ ಜೋಮು ಹಿಡಿದೇ ಇಲ್ಲ ಎಂದವರು ಮೊದಲು ಶೇ. 27 ಇದ್ದರು, ಆಮೇಲೆ ಶೇ. 82 ಆದರು. ಇದು ಪ್ರಕಟವಾದದ್ದು 2008ರಲ್ಲಿ. ಮರುವರ್ಷ ಸಂಸ್ಥೆ ಮೂತಿಯಿಲ್ಲದ ಸೀಟನ್ನು ಕೆಲಸದ ಜಾಗದ ಸುರಕ್ಷತಾ ಸಲಹೆಯಾಗಿಯೇ ಹೊರಡಿಸಿತು. ನಾಚಿಕೆಯ ವಿಷಯ ಸಂಬಳದ ವಿಷಯವಾದ ಕೂಡಲೇ ಎಷ್ಟು ಸಲೀಸಾಗಿ ಮಾತಾಡಬಹುದು ನೋಡಿ.

ಇಲ್ಲಿಯವರೆಗೆ ಅಳೆದದ್ದೆಲ್ಲ ಬಹುತೇಕ ಗಂಡಸರನ್ನು. ಯೇಲ್ ವಿಶ್ವವಿದ್ಯಾಲಯದ ಮಾರ್ಷಾ ಗೆಸ್ ಮತ್ತು ತಂಡದವರು 48 ಸೈಕಲ್ ಸ್ಪರ್ಧಿ ಹೆಂಗಸರನ್ನು 22 ಓಟಗಾರ್ತಿಯರ ಜೊತೆ ಹೋಲಿಸಿ, ಸೈಕಲ್ಲಿನವರಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿದೆ ಎಂದು ತೋರಿಸಿದ್ದು 2006ರಲ್ಲಿ. ಡಿಕಿನ್‌ಸನ್ನನ ಚಿಂತೆಗೆ 111 ವರ್ಷದ ನಂತರ ಉತ್ತರ. ಹ್ಯಾಂಡಲ್ ಸೀಟಿಗಿಂತ ಕೆಳಗಿದ್ದರೆ ತೊಂದರೆ ಹೆಚ್ಚು ಎಂದೂ ಯೇಲ್‌ನವರೇ 2012ರಲ್ಲಿ ಕಂಡುಕೊಂಡರು. 2019ರಲ್ಲಿ ಅಂಗರಚನಾ ಪದಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಪರಿಷ್ಕರಿಸಿದಾಗ ಹೆಣ್ಣಿನ ಅಂಗಕ್ಕಿದ್ದ ಪುಡೆಂಡಮ್ ಎಂಬ ಹೆಸರನ್ನು ಕೈಬಿಟ್ಟರು. ನರದ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಇಷ್ಟು ಓದಿದ ಮೇಲೆ ಒಂದು ರಟ್ಟಿನ ಡಬ್ಬಿ ಹರಿದು, ಒಳಗೆ ಅಲೆಅಲೆ ಇರುವ ಆ ರಟ್ಟನ್ನು ಮೆಟ್ಟಿಲ ಮೇಲೆ ಹಾಸಿ, ಮೊಣಕಾಲು ಎತ್ತಿ ಒಂದೆರಡು ನಿಮಿಷ ಕೂತೆ. ಎದ್ದು ನೋಡಿದರೆ ಎರಡು ಗುಳಿ. ನಡುವಿನಿಂದ ನಡುವಿಗೆ ಹದಿಮೂರುವರೆ ಸೆಂಟಿಮೀಟರ್. ನನ್ನ ಸೀಟಿನ ಪೂರ್ತಿ ಅಗಲವೇ ಹದಿಮೂರು. ಎಂದರೆ ಅಷ್ಟು ದಿನ ನನ್ನ ಎರಡೂ ಮೂಳೆಗಳು ಸೀಟಿನ ಅಂಚಿನಿಂದ ಹೊರಗೆ ತೂಗುತ್ತಿದ್ದವು, ನಾನು ಕೂತಿದ್ದೆಲ್ಲ ನಡುವಿನ ಮಾಂಸದ ಮೇಲೆ. ಜೆಲ್ ಕವರನ್ನು ಕಸಕ್ಕೆ ಹಾಕಿ, ಹದಿನೈದೂವರೆ ಅಗಲದ, ನಡುವೆ ಸೀಳಿರುವ, ಗಟ್ಟಿ ಸೀಟು ತಂದೆ. ಹ್ಯಾಂಡಲನ್ನು ಮೂರು ಸೆಂಟಿಮೀಟರ್ ಏರಿಸಿದೆ, ಮೂತಿಯನ್ನು ಕೂದಲೆಳೆಯಷ್ಟು ಬಗ್ಗಿಸಿದೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲುತ್ತೇನೆ. ಅರವತ್ತು ಕಿಲೋಮೀಟರಿಗೆ ಈಗ ಏನೂ ಆಗುವುದಿಲ್ಲ. ನೂರು ದಾಟಿದರೆ ಸ್ವಲ್ಪ ಜುಮ್ಮೆನ್ನುತ್ತದೆ, ಆಗ ಇಳಿದು ಒಂದು ಚಹಾ. ಈಗ ಮರಾಠಿಯಲ್ಲೂ ಎಲ್ಲಿ, ಏನು ಎಂದು ನೆಟ್ಟಗೆ ಹೇಳಬಲ್ಲೆ. ಇನ್ನೊಬ್ಬ ಡಾಕ್ಟರಿಗೆ ಹೇಳಿಯೂ ಆಯಿತು.

ಕಳೆದ ವಾರ ಅಪ್ಪ ಫೋನು ಮಾಡಿದ್ದರು.

"ಸೀಟ್ ಬದಲಿ ಮಾಡ್ಸೀಯಂತ? ತಮ್ಮ ಹೇಳಿದ. ಏನಾಗಿತ್ತವಾ?"

"ಏನಿಲ್ಲಪ್ಪಾ, ಬೆನ್ನು ನೋಯ್ತಿತ್ತು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹ್ಯಾಂಡಲ್ ಏರ್ಸೀಯಿಲ್ಲೋ?" ಎಂದರು.

"ಏರ್ಸೀನಿ."

"ಹಾಂ, ಮತ್ತ," ಎಂದು ಮಳೆಯ ವಿಷಯಕ್ಕೆ ಹೋದರು.